ಎರಡು ಸಲ ಪಥ್ಯ ಹಿಡಿದ ವೈದ್ಯ: ಜಾರ್ಜ್ ಚೇನಿ

ಅಷ್ಟಮಿ, ಚತುರ್ದಶಿಗಳಂದು ನಿರಾಹಾರದಿಂದಿರಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ದಶಲಕ್ಷಣ ಪರ್ವದ ಹತ್ತು ದಿನಗಳನ್ನೂ ಬರಿಯ ನೀರಿನ ಮೇಲೆ ಕಳೆಯುವ ತಾಯಂದಿರನ್ನೂ ನಾವು ಕಂಡಿದ್ದೇವೆ. ಆದರೆ ಪಾರಣೆ ಮುಗಿದ ಮರುದಿನದಿಂದ ಮೊದಲ್ಗೊಂಡು ಪ್ರತಿದಿನವೂ, ಇನ್ನೂ ನಾಲ್ಕು ತುತ್ತು ಹಿಡಿಸುವಂತಿರುವಾಗಲೇ ಎಲೆಯ ಮುಂದಿನಿಂದ ಏಳಬಲ್ಲವರು ಎಷ್ಟು ಮಂದಿ? ಆರು ಬಾಹ್ಯ ತಪಸ್ಸುಗಳನ್ನು ಹೇಳುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನಿರಿಸಿದ ಆಚಾರ್ಯರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಎಣಿಸಿ, ಅದರಲ್ಲಿ ಒಂದು ತುತ್ತನ್ನಾದರೂ ಕಡಿಮೆ ಮಾಡುವುದು ಈ ತಪಸ್ಸಿನ ಆರಂಭವೆಂದು ಹೇಳಿರುವರು. ಕೇಳುವುದಕ್ಕೆ ಇದಕ್ಕಿಂತ ಸುಲಭವಾದ ತಪಸ್ಸು ಮತ್ತೊಂದಿಲ್ಲ. ಅದರ ಕಷ್ಟವು ಎಲ್ಲಿ ಅಡಗಿದೆ ಎಂಬುದನ್ನು ತನ್ನ ದೇಹದಿಂದಲೇ ಅರಿತುಕೊಂಡ ಒಬ್ಬ ಪರದೇಶದ ವೈದ್ಯನ ಜೀವನವನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಅವನು ನಮ್ಮ ಧರ್ಮದವನಲ್ಲ. ನಮ್ಮ ಶಾಸ್ತ್ರಗಳನ್ನು ಓದಿದವನೂ ಅಲ್ಲ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಹು ಪ್ರಸಿದ್ಧನಾಗಿದ್ದ ಅವನ ಹೆಸರು ಜಾರ್ಜ್ ಚೇನಿ.

ಚೇನಿಯು ಸ್ಕಾಟ್ಲೆಂಡಿನ ಅಬರ್ಡೀನ್‌ಷೈರಿನಲ್ಲಿ 1671ರ ಸುಮಾರಿಗೆ ಜನಿಸಿದನು. ಚರ್ಚಿನ ಸೇವೆಗೆಂದು ಹಿರಿಯರು ಅವನನ್ನು ಓದಿಸತೊಡಗಿದರು; ಅವನ ಮನಸ್ಸು ಗಣಿತ ಮತ್ತು ವೈದ್ಯದ ಕಡೆಗೆ ಒಲಿಯಿತು. ಎಡಿನ್‌ಬರೋ ನಗರದಲ್ಲಿ ಆರ್ಚಿಬಾಲ್ಡ್ ಪಿಟ್‌ಕೇರ್ನ್ ಎಂಬ ಹೆಸರಾಂತ ವೈದ್ಯನ ಶಿಷ್ಯನಾಗಿ, 1701ರಲ್ಲಿ ಅಬರ್ಡೀನಿನಿಂದ ವೈದ್ಯ ಪದವಿಯನ್ನು ಪಡೆದು, ಲಂಡನ್ನಿಗೆ ಹೊರಟನು. ಅಲ್ಲಿಯವರೆಗೆ ಅವನ ಜೀವನವು ಓದು, ಬರಹ, ಮಿತವಾದ ಊಟ, ಇಷ್ಟರಲ್ಲೇ ಕಳೆದಿತ್ತು. ತಂದೆತಾಯಿಗಳ ವಂಶಗಳಲ್ಲಿ ಒಂದು ಕಡೆಯವರೆಲ್ಲ ಸ್ಥೂಲಕಾಯರೆಂಬುದನ್ನು ಅವನೇ ಮುಂದೆ ಬರೆದಿಟ್ಟಿದ್ದಾನೆ. ಬೀಜವು ದೇಹದಲ್ಲಿಯೇ ಇದ್ದಿತು. ಅದಕ್ಕೆ ನೀರೆರೆಯುವ ಸನ್ನಿವೇಶವಷ್ಟೆ ಒದಗಬೇಕಾಗಿದ್ದಿತು. ಅದನ್ನು ಲಂಡನ್ ನಗರವು ಒದಗಿಸಿತು.

ಅಂದಿನ ಲಂಡನ್ನಿನಲ್ಲಿ ಹೊಸದಾಗಿ ಬಂದ ವೈದ್ಯನಿಗೆ ರೋಗಿಗಳು ದೊರೆಯಬೇಕಾದರೆ ಜನರ ಪರಿಚಯ ಬೇಕು. ಪರಿಚಯವಾಗುತ್ತಿದ್ದುದು ಪಾನಗೃಹಗಳಲ್ಲಿ, ಕಾಫಿ ಅಂಗಡಿಗಳಲ್ಲಿ. ಸಿರಿವಂತರ ಮನೆಯ ತರುಣರು ಅಲ್ಲಿ ಸೇರಿ ತಿಂದು ಕುಡಿದು ನಗುತ್ತ ರಾತ್ರಿಗಳನ್ನು ಕಳೆಯುತ್ತಿದ್ದರು. ಚೇನಿಯು ಮೊದಲೇ ಆಜಾನುಬಾಹು, ವಿನೋದಪ್ರಿಯ, ಮಾತಿನಲ್ಲಿ ನಿಪುಣ. ಚೆನ್ನಾಗಿ ಉಣ್ಣುವುದು, ಹೆಚ್ಚಾಗಿ ಕುಡಿಯುವುದು, ಈ ಎರಡನ್ನು ಬಲ್ಲವನಿಗೆ ಆ ಗೋಷ್ಠಿಯಲ್ಲಿ ಪ್ರವೇಶ ಸುಲಭವೆಂಬುದನ್ನು ಅವನು ಬೇಗನೆ ಕಂಡುಕೊಂಡನು. ಹೊಟ್ಟೆಪಾಡಿಗಾಗಿ ಹೊಟ್ಟೆಯನ್ನೇ ಒತ್ತೆಯಿಟ್ಟನೆಂದರೂ ಸಲ್ಲುತ್ತದೆ. ವೃತ್ತಿಯಲ್ಲಿ ಏಳಿಗೆಯೂ ಆಯಿತು. 1702ರ ಹೊತ್ತಿಗೆ ಅವನು ರಾಯಲ್ ಸೊಸೈಟಿಯ ಸದಸ್ಯನಾಗಿದ್ದನು. ಮರುವರ್ಷ ಗಣಿತದ ಮೇಲೊಂದು ಗ್ರಂಥವನ್ನು ಪ್ರಕಟಿಸಿದನು. ಆ ಗ್ರಂಥದಲ್ಲಿನ ತಪ್ಪುಗಳನ್ನು ಡಿ ಮಾವರ್ ಎಂಬ ಗಣಿತಜ್ಞನು ಎತ್ತಿ ತೋರಿಸಿದ್ದರಿಂದ ಆ ಕ್ಷೇತ್ರದಲ್ಲಿ ಅವನಿಗೆ ಹೆಚ್ಚಿನ ಕೀರ್ತಿ ಬರಲಿಲ್ಲ ಎಂಬುದು ಬೇರೆಯ ಮಾತು.

ಕೆಲವೇ ವರ್ಷಗಳಲ್ಲಿ ದೇಹವು ಲೆಕ್ಕ ಕೇಳಿತು. ಮೈ ಅತಿಯಾಗಿ ಬೆಳೆಯಿತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಹಗಲಲ್ಲಿಯೂ ತೂಕಡಿಕೆ, ಯಾವ ಕೆಲಸದಲ್ಲಿಯೂ ಉತ್ಸಾಹವಿಲ್ಲ. ಬಿಟ್ಟುಬಿಟ್ಟು ಬರುವ ಜ್ವರವೊಂದು ಹಿಡಿಯಿತು. ಅದು ಇಳಿಯಿತೆನ್ನುವಷ್ಟರಲ್ಲಿ ತಲೆ ಸುತ್ತು ಬಂದು ನಿಲ್ಲಲಾರದಂತಾಯಿತು. ಆಮೇಲೆ ತಲೆನೋವು, ಭಯ, ವಿಷಾದ. ರಾತ್ರಿಯ ಊಟವನ್ನು ಬಿಟ್ಟನು. ಮಧ್ಯಾಹ್ನದ ಊಟವನ್ನೂ ಕುಗ್ಗಿಸಿದನು. ಮದ್ಯವನ್ನು ಬಹಳ ಮಟ್ಟಿಗೆ ನಿಲ್ಲಿಸಿದನು. ಆ ಕೂಡಲೇ, ಪ್ರಾಣಸ್ನೇಹಿತರೆಂದು ಆಣೆಯಿಟ್ಟಿದ್ದ ಪಾನಗೋಷ್ಠಿಯ ಗೆಳೆಯರೆಲ್ಲರೂ ಒಬ್ಬೊಬ್ಬರಾಗಿ ಮರೆಯಾದರು. ಉಣ್ಣಲು ಬಾರದ ಗೆಳೆಯನಿಂದ ಅವರಿಗೇನು ಪ್ರಯೋಜನ? ಹಳ್ಳಿಯೊಂದಕ್ಕೆ ಒಬ್ಬನೇ ಹೊರಟುಹೋದ ಚೇನಿಯು ಅಲ್ಲಿ ತನ್ನ ಬಾಳನ್ನು ಕುರಿತು ಬಹಳವಾಗಿ ಯೋಚಿಸಿದನು. ತನ್ನ ಮತದ ಧಾರ್ಮಿಕ ಗ್ರಂಥಗಳನ್ನು ಮತ್ತೆ ಕೈಗೆತ್ತಿಕೊಂಡನು. ಪಥ್ಯದ ಫಲವಾಗಿ ದೇಹದ ತೂಕವೂ ವೇಗವಾಗಿ ಇಳಿಯತೊಡಗಿತು.

ಆ ಕಾಲದಲ್ಲಿಯೇ ಅವನ ಕಿವಿಗೆ ಒಂದು ಸುದ್ದಿ ಬಿದ್ದಿತು. ಲಂಡನ್ನಿಗೆ ಸಮೀಪದ ಕ್ರಾಯ್ಡನ್ ಎಂಬ ಊರಿನಲ್ಲಿ ಡಾಕ್ಟರ್ ಟೇಲರ್ ಎಂಬ ವೈದ್ಯನು ತನ್ನ ಅಪಸ್ಮಾರವನ್ನು ಬರಿಯ ಹಾಲಿನ ಆಹಾರದಿಂದ ವಾಸಿಮಾಡಿಕೊಂಡಿದ್ದಾನೆಂಬುದೇ ಆ ಸುದ್ದಿ. ಚೇನಿಯು ನಡುಚಳಿಗಾಲದಲ್ಲಿ ಕುದುರೆಯೇರಿ ಅಲ್ಲಿಗೆ ಹೋದನು. ಅವನು ಒಳಹೊಕ್ಕಾಗ ಟೇಲರನು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದನು. ಮೇಜಿನ ಮೇಲೆ ಇದ್ದುದು ಒಂದು ಕ್ವಾರ್ಟ್, ಎಂದರೆ ಸುಮಾರು ಒಂದು ಲೀಟರಿನಷ್ಟು, ಹಸುವಿನ ಹಾಲು ಮಾತ್ರ. ಅದೇ ಆತನ ಊಟ. ಎಷ್ಟೋ ಉಪದೇಶಗಳು ಮಾಡಲಾರದುದನ್ನು ಆ ಒಂದು ನೋಟವು ಮಾಡಿತು. ಚೇನಿಯು ಹಿಂದಿರುಗಿ ಬಂದು ಹಾಲು, ಧಾನ್ಯ, ರೊಟ್ಟಿ, ಹಣ್ಣು, ಗೆಡ್ಡೆಗಳನ್ನೇ ಆಹಾರವಾಗಿ ಮಾಡಿಕೊಂಡನು. ಮಾಂಸವನ್ನು ಬಿಟ್ಟನು. ಆರೋಗ್ಯವು ಮರಳಿತು. ನಡಿಗೆ ಹಗುರವಾಯಿತು, ಮನಸ್ಸು ತಿಳಿಯಾಯಿತು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಬಾತ್ ಎಂಬ ಊರಿನಲ್ಲಿ ವೈದ್ಯವೃತ್ತಿಯನ್ನು ಕೈಕೊಂಡನು. ಅತಿಯಾಗಿ ಉಂಡು ರೋಗಿಗಳಾದ ಶ್ರೀಮಂತರು ಬುಗ್ಗೆಯ ನೀರನ್ನು ಕುಡಿಯಲು ಆ ಊರಿಗೇ ಬರುತ್ತಿದ್ದರಾದುದರಿಂದ ಅವನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ.

ಸಾಮಾನ್ಯವಾಗಿ ಇಂಥ ಚರಿತ್ರೆಗಳು ಇಲ್ಲಿಗೆ ಮುಗಿಯುತ್ತವೆ: ತಪ್ಪಿದನು, ತಿದ್ದಿಕೊಂಡನು, ಸುಖವಾಗಿದ್ದನು. ಚೇನಿಯ ಚರಿತ್ರೆಯ ಮುಖ್ಯ ಭಾಗವು ಇಲ್ಲಿಂದಲೇ ಆರಂಭವಾಗುತ್ತದೆ. ನನಗೆ ಅವನಲ್ಲಿ ಆದರವು ಹುಟ್ಟಿದ್ದೂ ಈ ಭಾಗವನ್ನು ಓದಿದ ಮೇಲೆಯೇ.

ಆರೋಗ್ಯವು ಗಟ್ಟಿಯಾಯಿತೆಂದು ತೋರಿದ ಮೇಲೆ ಅವನು ಸ್ವಲ್ಪ ಸ್ವಲ್ಪವಾಗಿ ಎಲ್ಲರಂತೆ ಉಣ್ಣತೊಡಗಿದನು. ಹಳೆಯ ಪಾನಗೃಹದ ಬಾಳಿಗೆ ಅವನು ಹಿಂದಿರುಗಲಿಲ್ಲ ಎಂಬುದನ್ನು ಗಮನಿಸಬೇಕು. ತನ್ನ ದೃಷ್ಟಿಯಲ್ಲಿ ಅವನು ಸಂಯಮಿಯೇ ಆಗಿದ್ದನು. ಸಾದಾ ಅಡಿಗೆ, ಗದ್ದಲವಿಲ್ಲದ ಊಟ. ಆದರೆ ದಿನಕ್ಕೆ ಒಂದು ಕ್ವಾರ್ಟಿನಿಂದ ಮೂರು ಪಿಂಟಿನವರೆಗೆ, ಎಂದರೆ ಒಂದು ಲೀಟರಿನಿಂದ ಹತ್ತಿರಹತ್ತಿರ ಒಂದೂವರೆ ಲೀಟರಿನವರೆಗೆ, ದ್ರಾಕ್ಷಿಯ ಮದ್ಯವು ಒಳಗಿಳಿಯುತ್ತಿದ್ದಿತು. ಇಷ್ಟು ದೊಡ್ಡ ದೇಹಕ್ಕೆ ಅಷ್ಟಾದರೂ ಬೇಡವೇ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದನು. ಅದು ಬೇಕಾದುದಕ್ಕಿಂತ ಬಹಳ ಹೆಚ್ಚಾಗಿದ್ದಿತೆಂದು ಅವನಿಗೆ ತಿಳಿದುದು ಬಹಳ ವರ್ಷಗಳ ತರುವಾಯ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ. ಊಟವು ದೇಹವನ್ನು ಬೆಳೆಸುತ್ತದೆ. ಬೆಳೆದ ದೇಹವು ಇನ್ನಷ್ಟು ಊಟಕ್ಕೆ ನ್ಯಾಯವಾದಿಯಾಗಿ ನಿಲ್ಲುತ್ತದೆ. ನಿನ್ನೆಯ ಅಳತೆಗೆ ಇಂದು ಅರ್ಧ ಸೌಟು ಕೂಡಿದರೆ ನಾಳೆ ಅದೇ ಅಳತೆಯೆಂಬ ಹೆಸರನ್ನು ಪಡೆಯುತ್ತದೆ. ಹೀಗೆ ಅಳತೆಯೇ ಸರಿಯುತ್ತ ಹೋದರೆ ಅಳೆಯುವವನಿಗೆ ತಾನು ಮಿತಿಮೀರಿದುದು ತಿಳಿಯುವುದಾದರೂ ಹೇಗೆ? ಪಾನಗೃಹದಲ್ಲಿ ಅತಿಯಾಗಿ ಉಂಡವನಿಗೆ ತಾನು ಅತಿಯಾಗಿ ಉಂಡೆನೆಂಬ ಅರಿವಾದರೂ ಇರುತ್ತದೆ. ಸಂಯಮಿಯೆಂದು ತನ್ನನ್ನು ತಾನು ನಂಬಿಕೊಂಡವನಿಗೆ ಆ ಅರಿವೂ ಇಲ್ಲ. ಚೇನಿಯ ಮೊದಲ ಪತನಕ್ಕಿಂತ ಎರಡನೆಯದು ದೊಡ್ಡದಾದುದಕ್ಕೆ ನನ್ನ ತಿಳಿವಳಿಕೆಯಲ್ಲಿ ಇದೇ ಕಾರಣ. ಇಂದಿನ ವೈದ್ಯರು ಇದಕ್ಕೆ ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ತೂಕವನ್ನು ಇಳಿಸಿಕೊಂಡ ದೇಹದಲ್ಲಿ ಹಸಿವು ಹೆಚ್ಚುತ್ತದೆ, ದೇಹವು ವ್ಯಯಮಾಡುವ ಶಕ್ತಿಯು ಕಡಿಮೆಯಾಗುತ್ತದೆ. ಆದುದರಿಂದ ಕಳೆದುಕೊಂಡ ತೂಕವು ಹಿಂದಿರುಗಿ ಬರಲು ಸದಾ ಹವಣಿಸುತ್ತಿರುತ್ತದೆ. ಹೀಗಿರುವುದರಿಂದ ಇಳಿಸಿದ ತೂಕ ಮರಳಿ ಏರಿದವರನ್ನು ಕಂಡು ಚಪಲಚಿತ್ತರೆಂದು ನಗುವುದು ತರವಲ್ಲ.

ವರ್ಷಗಳು ಉರುಳಿದಂತೆ ಚೇನಿಯ ತೂಕವು ಏರುತ್ತಲೇ ಹೋಯಿತು. ಕೊನೆಯ ಸಲ ತೂಗಿಸಿಕೊಂಡಾಗ ಅದು 32 ಸ್ಟೋನ್‌ಗಳನ್ನು ಮೀರಿದ್ದಿತು. ಸ್ಟೋನ್ ಎಂಬುದು 14 ಪೌಂಡುಗಳ ಅಳತೆ. ನಮ್ಮ ಲೆಕ್ಕದಲ್ಲಿ 200 ಕಿಲೋಗ್ರಾಮಿಗೂ ಮಿಕ್ಕಿದ ತೂಕವಾಯಿತು. ಬಾತ್‌ನಂತಹ ಸಣ್ಣ ಊರಿನಲ್ಲಿಯೂ ಮನೆಯಿಂದ ಮನೆಗೆ ಗಾಡಿಯಲ್ಲಿಯೇ ಹೋಗಬೇಕಾಯಿತು. ನೂರು ಹೆಜ್ಜೆ ನಡೆಯಬೇಕಾಗಿ ಬಂದರೆ ಸೇವಕನೊಬ್ಬನು ಹಿಂದೆ ಪೀಠವನ್ನು ಹಿಡಿದು ಬರಬೇಕು. ದಾರಿಯಲ್ಲಿ ಯಜಮಾನನು ಕುಳಿತು ಉಸಿರು ತಿರುಗಿಸಿಕೊಳ್ಳಬೇಕು. ರೋಗಿಗಳನ್ನು ನೋಡಲು ಹೊರಟ ವೈದ್ಯನು ಬೀದಿಯ ನಡುವೆ ಪೀಠದ ಮೇಲೆ ಏದುತ್ತ ಕುಳಿತಿರುವ ದೃಶ್ಯವನ್ನು ವಾಚಕರು ಊಹಿಸಿಕೊಳ್ಳಬಹುದು. ಕಾಲುಗಳಲ್ಲಿ ಹುಣ್ಣುಗಳೆದ್ದವು. ನಿದ್ರೆ ಕೆಟ್ಟಿತು. ಮನಸ್ಸು ಮತ್ತೆ ವಿಷಾದದಲ್ಲಿ ಮುಳುಗಿತು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ಆರೋಗ್ಯವನ್ನೂ ದೀರ್ಘಾಯುಷ್ಯವನ್ನೂ ಕುರಿತ ಅವನ ಪ್ರಸಿದ್ಧ ಪ್ರಬಂಧವು 1724ರಲ್ಲಿ, ಎಂದರೆ ಅವನು ಈ ದುರವಸ್ಥೆಯಲ್ಲಿದ್ದ ದಿನಗಳಲ್ಲಿಯೇ, ಅಚ್ಚಾಗಿ ಹೊರಬಂದಿತು. ಬೇಗಬೇಗನೆ ಹಲವು ಮುದ್ರಣಗಳನ್ನೂ ಕಂಡಿತು. ದೇಶವೆಲ್ಲ ಅವನ ಮಾತನ್ನು ಓದಿ ಮಿತವಾಗಿ ಉಣ್ಣುವ ಯೋಚನೆ ಮಾಡುತ್ತಿದ್ದಾಗ ಬರೆದವನಿಗೆ ಮೆಟ್ಟಿಲು ಹತ್ತುವ ಶಕ್ತಿಯಿರಲಿಲ್ಲ. ಇದನ್ನು ಕಪಟವೆಂದು ಕರೆಯುವವರಿದ್ದಾರೆ. ನಾನು ಒಪ್ಪಲಾರೆ. ತಿಳಿದುದೆಲ್ಲವೂ ನಡೆಗೆ ಬರುವುದಾದರೆ ಸಮ್ಯಗ್ಜ್ಞಾನವನ್ನು ಹೇಳಿದ ಮೇಲೆ ಸಮ್ಯಕ್‌ಚಾರಿತ್ರವನ್ನು ಬೇರೆಯಾಗಿ ಹೇಳುವ ಅವಶ್ಯಕತೆಯೇ ಇರುತ್ತಿರಲಿಲ್ಲ.

ಆ ಪ್ರಬಂಧದಲ್ಲಿ ಅವನು ಹೇಳಿದ ಮಾತುಗಳು ಇಂದಿಗೂ ನೋಡತಕ್ಕವು. ಗಾಳಿ, ಅನ್ನಪಾನ, ನಿದ್ರೆ, ವ್ಯಾಯಾಮ, ಮಲವಿಸರ್ಜನೆ, ಮನೋವಿಕಾರ ಎಂದು ವಿಂಗಡಿಸಿ, ಒಂದೊಂದರಲ್ಲಿಯೂ ಗೃಹಸ್ಥನು ಯಾವ ವೈದ್ಯನ ನೆರವೂ ಇಲ್ಲದೆ ಅನುಸರಿಸಬಲ್ಲ ನಿಯಮಗಳನ್ನು ಹೇಳಿದ್ದಾನೆ. ಮೈಮುರಿದು ದುಡಿಯದ, ಆರೋಗ್ಯವಂತನಾದ ಗಂಡಸಿಗೆ ದಿನಕ್ಕೆ ಇಷ್ಟು ಔನ್ಸ್ ಮಾಂಸ, 12 ಔನ್ಸ್ ರೊಟ್ಟಿ, ಒಂದು ಪಿಂಟಿನಷ್ಟು ಮದ್ಯ ಸಾಕೆಂದು ಅಳತೆಯನ್ನು ಕೊಟ್ಟನು. ಮಾಂಸಮದ್ಯಗಳ ಲೆಕ್ಕವು ನಮಗೆ ಬೇಡ. ನಮಗೆ ಬೇಕಾದುದು ಅಳತೆಯೆಂಬ ವಿಚಾರ. 12 ಔನ್ಸ್ ಎಂದರೆ ಸುಮಾರು 340 ಗ್ರಾಂ. ತಕ್ಕಡಿಯನ್ನು ಊಟದ ಮೇಜಿನ ಮೇಲೆ ಇಟ್ಟುಕೊಳ್ಳುವುದು ಸಾಧ್ಯವಿಲ್ಲದವರು ಕಣ್ಣಳತೆಯಿಂದಲೇ ತಮ್ಮ ಪಾಲನ್ನು ಗುರುತಿಸಿಕೊಳ್ಳುವ ಬಗೆಯನ್ನೂ ಅವನು ತಿಳಿಸಿದ್ದಾನೆ. ಪಾಲನ್ನು ಮೊದಲೇ ಗೊತ್ತುಮಾಡಿಕೊಂಡು ಊಟಕ್ಕೆ ಕೂಡಬೇಕು. ಬಡಿಸುತ್ತಿರುವಾಗ, ರುಚಿಯು ನಾಲಗೆಯ ಮೇಲಿರುವಾಗ, ಸಾಕೇ ಬೇಕೇ ಎಂದು ಯೋಚಿಸಹೊರಟರೆ ತೀರ್ಪು ಯಾವಾಗಲೂ ಬೇಕು ಎಂಬ ಕಡೆಗೇ ಬರುತ್ತದೆ. ನಮ್ಮಲ್ಲಿ ಊಟಕ್ಕೆ ಮುಂಚೆಯೇ ಪ್ರತ್ಯಾಖ್ಯಾನ ಮಾಡುವುದರಲ್ಲಿ ಈ ವಿವೇಕವೂ ಅಡಗಿದೆಯೆಂದು ನನಗೆ ತೋರುತ್ತದೆ.

ಬಗೆಬಗೆಯ ಭಕ್ಷ್ಯಗಳನ್ನು, ಮಸಾಲೆಯ ಪಾಕಗಳನ್ನು ಅವನು ಬಹಳವಾಗಿ ಖಂಡಿಸಿದನು. ಹಸಿವು ತೀರಿದ ಮೇಲೂ ಹಸಿವನ್ನು ಬಲವಂತವಾಗಿ ಎಬ್ಬಿಸುವುದಕ್ಕಾಗಿಯೇ ಅಡಿಗೆಯವರು ಅವುಗಳನ್ನು ಕಂಡುಹಿಡಿದರೆಂಬುದು ಅವನ ಆಕ್ಷೇಪ. ಈ ಮಾತಿನ ಸತ್ಯವನ್ನು ಮದುವೆಯ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಬಲ್ಲರು. ಅನ್ನ, ಸಾರು ಸಾಕಾಗಿ ಕೈತೊಳೆಯುವ ಮನಸ್ಸಾದವನು ಹೋಳಿಗೆಯನ್ನು ಕಂಡಾಗ ಮತ್ತೆ ನೆಟ್ಟಗೆ ಕೂಡುತ್ತಾನೆ. ಹೊಟ್ಟೆಯಲ್ಲಿ ಆ ಕ್ಷಣದಲ್ಲಿ ಸ್ಥಳವು ಹುಟ್ಟಿತೆಂದು ಇದರ ಅರ್ಥವಲ್ಲ. ಒಂದೆರಡೇ ಪದಾರ್ಥಗಳಿರುವ ಊಟದಲ್ಲಿ ಹೊಟ್ಟೆಯ ಮಾತು ಕೇಳಿಸುತ್ತದೆ. ಹತ್ತು ಪದಾರ್ಥಗಳಿರುವಲ್ಲಿ ನಾಲಗೆಯ ಮಾತೊಂದೇ ಕೇಳಿಸುತ್ತದೆ.

ರಾತ್ರಿಯ ಊಟದ ವಿಷಯದಲ್ಲಿಯೂ ಅವನದು ಕಟ್ಟುನಿಟ್ಟಾದ ಅಭಿಪ್ರಾಯ. ಕುಳಿತು ಕೆಲಸ ಮಾಡುವವರು, ಓದುಬರಹದಲ್ಲಿರುವವರು, ರಾತ್ರಿಯ ಊಟವನ್ನು ಬಿಡಬೇಕು. ಆಗದಿದ್ದರೆ ಬಹಳ ಹಗುರ ಮಾಡಬೇಕು. ರಾತ್ರಿ ಎಂಟು, ಒಂಬತ್ತು, ತಡವೆಂದರೆ ಹತ್ತು ಗಂಟೆಗೆ ಮಲಗಿ ಬೆಳಗ್ಗೆ ನಾಲ್ಕು, ಐದು ಅಥವಾ ಆರಕ್ಕೆ ಏಳಬೇಕು. ಅವನು ಇದನ್ನು ಹೇಳಿದುದು ಜಠರದ ಹಿತಕ್ಕಾಗಿ ಮತ್ತು ನಿದ್ರೆಯ ಸುಖಕ್ಕಾಗಿ. ಜೀವದಯೆಗಾಗಿ ರಾತ್ರಿಭೋಜನವನ್ನು ಬಿಡುವ ನಮ್ಮ ಆಚಾರಕ್ಕೆ ಇದನ್ನು ಸಮೀಕರಿಸಿ ಹೆಮ್ಮೆಪಡುವುದು ಸರಿಯಲ್ಲ. ದಾರಿಗಳು ಬೇರೆ, ಒಂದು ತಿರುವಿನಲ್ಲಿ ಕೂಡಿವೆ, ಅಷ್ಟೆ. ಇದರೊಡನೆ ವಾರದಲ್ಲಿ ಒಂದೆರಡು ದಿನ ಊಟವನ್ನು ಅರ್ಧಕ್ಕಿಳಿಸುವುದು, ಪ್ರತಿದಿನ ಹೊಟ್ಟೆ ಹಗುರವಾಗಿರುವಾಗ ನಡೆಯುವುದು ಇಲ್ಲವೆ ಕುದುರೆ ಸವಾರಿ ಮಾಡುವುದು, ಇವನ್ನೂ ಸೇರಿಸಿದನು. ನಡಿಗೆಯೇ ಮನುಷ್ಯನಿಗೆ ಸಹಜವಾದ ವ್ಯಾಯಾಮವೆಂಬುದು ಅವನ ಮತ. ನೆನಪಿರಲಿ, ಇದನ್ನು ಬರೆದಾಗ ಅವನಿಗೆ ನೂರು ಹೆಜ್ಜೆ ನಡೆಯುವುದೂ ಕಷ್ಟವಾಗಿದ್ದಿತು.

1725ರ ಡಿಸೆಂಬರಿನಲ್ಲಿ ಅವನು ಲಂಡನ್ನಿಗೆ ಹೋಗಿ ತನ್ನ ಸಹೋದ್ಯೋಗಿಗಳಾದ ಹಿರಿಯ ವೈದ್ಯರಿಗೆ ದೇಹವನ್ನು ತೋರಿಸಿದನು. ಬೇರೆ ಔಷಧಗಳು ಯಾವುವೂ ನಿಲುಗಡೆಯಾಗದಿದ್ದಾಗ, ಇಪ್ಪತ್ತು ವರ್ಷಗಳ ಹಿಂದೆ ಕ್ರಾಯ್ಡನ್ನಿನಲ್ಲಿ ಕಂಡ ಹಾಲಿನ ಪಾತ್ರೆಯ ಕಡೆಗೇ ಅವನು ಹಿಂದಿರುಗಬೇಕಾಯಿತು. ಹಾಲು ಮತ್ತು ಸಸ್ಯಾಹಾರ. ಮೊದಲ ಸಲ ಅದು ರೋಗ ವಾಸಿಯಾಗುವ ತನಕ ಎಂಬ ಪಥ್ಯವಾಗಿದ್ದಿತು. ಈ ಸಲ ಜೀವವಿರುವ ತನಕ ಎಂದಾಯಿತು. ಬಾಳಿನ ಉಳಿದ ವರ್ಷಗಳೆಲ್ಲವನ್ನೂ ನಿರ್ಧರಿಸಿದ ವ್ಯತ್ಯಾಸ ಇದೊಂದೇ. ಚೇತರಿಕೆಯು ಬೇಗನೆ ಬರಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ಕ್ರಮಕ್ರಮವಾಗಿ ಬಂದಿತು. ಮೈ ಇಳಿಯಿತು, ಹುಣ್ಣುಗಳು ಮಾಗಿದವು, ಸೇವಕನ ಕೈಯಲ್ಲಿದ್ದ ಪೀಠವು ಮೂಲೆ ಸೇರಿತು. 1733ರಲ್ಲಿ ಆಂಗ್ಲರ ವ್ಯಾಧಿ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದಾಗ, ಅದರ ಕೊನೆಯಲ್ಲಿ ತನ್ನದೇ ದೇಹದ ಕಥೆಯನ್ನು, ಮೇಲೆ ಹೇಳಿದ ತೂಕ, ಪೀಠ, ಹುಣ್ಣು, ಕೈಬಿಟ್ಟ ಗೆಳೆಯರು ಎಲ್ಲವನ್ನೂ ಸೇರಿಸಿ, ಒಬ್ಬ ರೋಗಿಯ ವೃತ್ತಾಂತದಂತೆ ಬರೆದು ಸೇರಿಸಿದನು. ಹೆಸರುವಾಸಿಯಾದ ವೈದ್ಯನೊಬ್ಬನು ತನ್ನ ಸ್ಥೂಲತೆಯನ್ನೂ ತನ್ನ ಪತನವನ್ನೂ ಹೀಗೆ ಲೋಕದ ಮುಂದಿಡುವುದು ಸಣ್ಣ ಕಾರ್ಯವಲ್ಲ. ನಮ್ಮಲ್ಲಿ ಆಲೋಚನೆಯೆಂದು ಗುರುವಿನ ಮುಂದೆ ದೋಷವನ್ನು ಒಪ್ಪಿಕೊಳ್ಳುವ ಕ್ರಮವಿದೆಯಷ್ಟೆ; ಅವನು ಓದುಗರೆಲ್ಲರನ್ನೂ ಗುರುಸ್ಥಾನದಲ್ಲಿರಿಸಿದನು.

ಆಗಿನ ಅವನ ನಿತ್ಯಾಹಾರವೇನೆಂಬುದನ್ನೂ ಅಲ್ಲಿ ತಿಳಿಸಿದ್ದಾನೆ. ಹಾಲು, ಚಹ, ಕಾಫಿ, ರೊಟ್ಟಿ, ಬೆಣ್ಣೆ, ಖಾರವಿಲ್ಲದ ಗಿಣ್ಣು, ಹಸಿಸೊಪ್ಪು, ಹಣ್ಣು, ಎಲ್ಲ ಬಗೆಯ ಧಾನ್ಯ, ಆಲೂಗೆಡ್ಡೆ, ಗಜ್ಜರಿಯಂಥ ಎಳೆಯ ಗೆಡ್ಡೆಗಳು. ಒಟ್ಟಿನಲ್ಲಿ ಪ್ರಾಣಿಯ ಜೀವವನ್ನು ತೆಗೆಯದೆ ದೊರೆಯುವುದೆಲ್ಲವೂ. ಮದ್ಯವು ಪೂರ್ಣವಾಗಿ ನಿಂತುಹೋಗಿದ್ದಿತು. ಕಂದಮೂಲಗಳನ್ನೂ ಬೆಣ್ಣೆಯನ್ನೂ ಕಂಡು ನಮ್ಮ ಕೆಲವು ಶ್ರಾವಕರು ಹುಬ್ಬು ಗಂಟಿಕ್ಕಬಹುದು. ಚಳಿಯ ದೇಶದಲ್ಲಿ, ದನದ ಮಾಂಸವೇ ಅನ್ನವೆಂಬ ಜನರ ನಡುವೆ, ಇಷ್ಟು ದೂರ ನಡೆದವನನ್ನು ಉಳಿದ ನಾಲ್ಕು ಹೆಜ್ಜೆಗಾಗಿ ತೆಗಳುವುದು ಬೇಡ.

ಈ ಆಹಾರವು ಅವನ ಬುದ್ಧಿಯನ್ನು ಇನ್ನೂ ಒಂದು ಕಡೆಗೆ ತಿರುಗಿಸಿತು. ಮೊದಮೊದಲು ಅವನು ಮಾಂಸವನ್ನು ಬಿಟ್ಟುದು ಕೇವಲ ಮೈ ಇಳಿಸಲು. 1740ರಲ್ಲಿ ಪ್ರಕಟವಾದ, ಪಥ್ಯಕ್ರಮವನ್ನು ಕುರಿತ ಪ್ರಬಂಧದಲ್ಲಿ ಅವನು ಬೇರೆಯೇ ಧ್ವನಿಯಲ್ಲಿ ಬರೆಯುತ್ತಾನೆ. ಮನುಷ್ಯನ ಜಿಹ್ವಾಚಾಪಲ್ಯಕ್ಕಾಗಿ ಸಾಯುತ್ತಿರುವ ಮೂಕಪ್ರಾಣಿಯ ಒದ್ದಾಟವನ್ನು ನೋಡಿ ಸಹಿಸಬೇಕಾದರೆ ಎದೆಯು ಕಲ್ಲಾಗಿರಬೇಕೆಂದೂ, ಬರಿಯ ನ್ಯಾಯದೃಷ್ಟಿಯಿಂದ ನೋಡಿದರೆ ನರಮಾಂಸವನ್ನು ತಿನ್ನುವುದಕ್ಕೂ ಪಶುಮಾಂಸವನ್ನು ತಿನ್ನುವುದಕ್ಕೂ ರೂಢಿಯೊಂದನ್ನುಳಿದು ದೊಡ್ಡ ಭೇದವೇನೂ ತನಗೆ ಕಾಣದೆಂದೂ ಅವನು ಹೇಳಿದನು. ಮೈಯ ಭಾರವನ್ನು ಇಳಿಸಲೆಂದು ಹೊರಟವನಿಗೆ ಇನ್ನೊಂದು ಭಾರವೂ ಇಳಿಯಿತು. ಅವನ ದೇಶದವರು ಬಹುಮಂದಿ ಈ ಮಾತಿಗೆ ನಕ್ಕರು. ಬಾತ್ ಊರಿನ ವಿಲಾಸಿಗಳ ನಾಯಕನಾಗಿದ್ದ ಬೋ ನ್ಯಾಷ್ ಎಂಬವನು ಈ ವೈದ್ಯನು ಜನರನ್ನೆಲ್ಲ ಹುಲ್ಲು ಮೇಯಿಸಲು ಹೊರಟಿದ್ದಾನೆಂದು ಹಾಸ್ಯಮಾಡಿದನಂತೆ. ಚೇನಿಗೆ ಹಾಸ್ಯವು ಹೊಸದಲ್ಲ. ದಪ್ಪನೆಯ ಮನುಷ್ಯನಿಗೆ ಅದು ಅಭ್ಯಾಸವಾಗಿಯೇ ಹೋಗಿರುತ್ತದೆ.

ಅವನ ವೈದ್ಯದಲ್ಲಿ ಇಂದು ನಿಲ್ಲದ ಭಾಗವೂ ಇದೆ. ದೇಹವೆಂಬುದು ಕೊಳವೆಗಳ ಜಾಲ, ರಸಗಳು ದಪ್ಪಗಾದಾಗ ಕೊಳವೆಗಳು ಕಟ್ಟಿಕೊಂಡು ರೋಗ ಬರುತ್ತದೆ ಎಂಬ ಅವನ ಸಿದ್ಧಾಂತವನ್ನು ಈಗ ಯಾರೂ ಒಪ್ಪುವುದಿಲ್ಲ. ವಾಂತಿ ಮಾಡಿಸುವುದು, ಭೇದಿಗೆ ಕೊಡುವುದು, ಪಾದರಸದ ಔಷಧಗಳು, ಇವೆಲ್ಲ ಅಂದಿನ ವೈದ್ಯರಂತೆ ಅವನಲ್ಲಿಯೂ ಇದ್ದುವು. ಅವನ್ನು ಯಾರೂ ಅನುಸರಿಸಬಾರದು. ಬರಿಯ ಹಾಲಿನ ಮೇಲೆ ತಿಂಗಳುಗಟ್ಟಲೆ ಇರುವುದೂ ಎಲ್ಲರ ದೇಹಕ್ಕೆ ಒಗ್ಗತಕ್ಕುದಲ್ಲ. ಸಕ್ಕರೆ ಕಾಯಿಲೆಯವರು, ಔಷಧ ಸೇವಿಸುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಗೇ ಕಡಿಮೆ ಮಾಡಬಾರದು. ಬಹುಕಾಲ ತುಂಬು ಊಟಕ್ಕೆ ಹೊಂದಿಕೊಂಡವರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂಬುದು ಚೇನಿಯ ಮಾತೂ ಹೌದು.

ಅವನ ಮಾತು ಎಷ್ಟು ದೂರ ಹೋಯಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಆಕ್ಸ್‌ಫರ್ಡಿನಲ್ಲಿದ್ದ 21 ವರ್ಷದ ತರುಣನೊಬ್ಬನು 1724ರಲ್ಲಿ ಆರೋಗ್ಯದ ಪ್ರಬಂಧವನ್ನು ಓದಿ, ಅದರ ವಿಷಯವನ್ನು ತಾಯಿಗೆ ಪತ್ರದಲ್ಲಿ ಬರೆದನು. ಅಂದಿನಿಂದ ಮಿತವಾಗಿ ಉಣ್ಣುವ ರೂಢಿ ಮಾಡಿಕೊಂಡನು. ಮೆಥಡಿಸ್ಟ್ ಪಂಥವನ್ನು ಸ್ಥಾಪಿಸಿದ ಜಾನ್ ವೆಸ್ಲಿಯೇ ಈತ. ಕುದುರೆಯ ಮೇಲೆ ಊರೂರು ತಿರುಗಿ ಉಪದೇಶ ಮಾಡುತ್ತ 87 ವರ್ಷ ಬಾಳಿ 1791ರಲ್ಲಿ ತೀರಿಕೊಂಡನು. ಬಡವರಿಗಾಗಿ 1747ರಲ್ಲಿ ಹೊರತಂದ ತನ್ನ ಮನೆಮದ್ದಿನ ಪುಸ್ತಕದ ಪೀಠಿಕೆಯಲ್ಲಿ ಚೇನಿಯ ನಿಯಮಗಳನ್ನು ಸೇರಿಸಿದನು.

ಇನ್ನೊಬ್ಬನು ಸ್ಯಾಮ್ಯುಯೆಲ್ ರಿಚರ್ಡ್‌ಸನ್. ಲಂಡನ್ನಿನಲ್ಲಿ ಮುದ್ರಣಾಲಯವನ್ನು ನಡೆಸುತ್ತಿದ್ದ ಈತನು 1740ರಲ್ಲಿ ಪಮೇಲ ಎಂಬ ಕಾದಂಬರಿಯಿಂದ ಯೂರೋಪಿನಲ್ಲೆಲ್ಲ ಪ್ರಸಿದ್ಧನಾದನು. ಹಗಲಿರುಳೂ ಕುಳಿತ ಕೆಲಸ, ದಪ್ಪನೆಯ ಮೈ, ತಲೆಸುತ್ತು, ನಡುಕ, ನಿದ್ರಾಹೀನತೆ. ತನ್ನ ಯೌವನದ ಲಕ್ಷಣಗಳೆಲ್ಲವನ್ನೂ ಚೇನಿಯು ಆತನಲ್ಲಿ ಕಂಡಿರಬೇಕು. 1733ರಿಂದ ಹತ್ತು ವರ್ಷ ಬಾತ್‌ನಿಂದ ಲಂಡನ್ನಿಗೆ ಪತ್ರಗಳು ಹೋದವು. ಮಾಂಸವನ್ನು ಇಳಿಸು, ಮದ್ಯವನ್ನು ಬಿಡು, ಹಾಲು ಹಣ್ಣುಗಳಿಗೆ ಬಾ, ಕುದುರೆಯೇರಿ ಹೊರಗೆ ಹೋಗು ಎಂಬಂಥ ಸಲಹೆಗಳೇ ಮತ್ತೆ ಮತ್ತೆ. ಹೊರಗೆ ಹೋಗಲು ಬಿಡುವಿಲ್ಲವೆಂದಾಗ, ಮನೆಯೊಳಗೇ ಕುಳಿತು ಕುದುರೆ ಸವಾರಿಯಂತೆ ಮೇಲೆ ಕೆಳಗೆ ಕುಲುಕಾಡಬಹುದಾದ ಮರದ ಪೀಠವೊಂದನ್ನು ತರಿಸಿಕೊಳ್ಳುವಂತೆ ಸೂಚಿಸಿದನು. ರಿಚರ್ಡ್‌ಸನ್ನನು ಒಪ್ಪುತ್ತಿದ್ದನು, ಹಿಂಜರಿಯುತ್ತಿದ್ದನು, ಮತ್ತೆ ಕೇಳುತ್ತಿದ್ದನು. ಚೇನಿಯು ಬೇಸರಪಡಲಿಲ್ಲ. ಒಂದು ಸಲ ಹೇಳಿದರೆ ಸಾಲದೆಂಬುದು ಅವನಿಗಿಂತ ಚೆನ್ನಾಗಿ ಬೇರೆ ಯಾರಿಗೆ ತಿಳಿದೀತು?

1743ರ ಏಪ್ರಿಲ್ ತಿಂಗಳಿನಲ್ಲಿ ಚೇನಿಯು ಬಾತ್‌ನಲ್ಲಿ ಮರಣಹೊಂದಿದನು. ವಯಸ್ಸು 70 ದಾಟಿದ್ದಿತು. ಮೂವತ್ತರ ಪ್ರಾಯದಲ್ಲಿ ಒಮ್ಮೆ, ಐವತ್ತರ ಪ್ರಾಯದಲ್ಲಿ ಇನ್ನೊಮ್ಮೆ ಸಾವಿನ ಅಂಚಿನವರೆಗೆ ಹೋಗಿಬಂದವನಿಗೆ, ಅದರಲ್ಲಿಯೂ ಅಂದಿನ ಕಾಲಮಾನದಲ್ಲಿ, ಅದು ಸಣ್ಣ ಆಯುಷ್ಯವಲ್ಲ. ಎರಡನೆಯ ಸಲ ಹಿಡಿದ ಪಥ್ಯವು ಅವನ ಕೊನೆಯ ಹದಿನೇಳು ವರ್ಷಗಳ ಊಟವಾಗಿದ್ದಿತು. ರಿಚರ್ಡ್‌ಸನ್ನನಿಗೆ ಅವನು ಬರೆದ ಪತ್ರಗಳು ಪುಸ್ತಕರೂಪದಲ್ಲಿ ಹೊರಬಂದುದು 1943ರಲ್ಲಿ, ಅವನು ತೀರಿಕೊಂಡು ಸರಿಯಾಗಿ 200 ವರ್ಷಗಳಾದ ಮೇಲೆ.